ಅಜ್ಜಿಯ ಸೀರೆಯಿಂದ ಶುರು ಮಾಡಿ: ಕೊಡಗಿನಲ್ಲಿ ಕುಟುಂಬದ ಫೋಟೋಗೆ ಬಟ್ಟೆ ಆರಿಸುವ ಕ್ರಮ

ಹಸಿರು ತೋಟದ ನಡುವೆ ಗಿಳಿಹಸಿರು ಸೀರೆ, ಮಂಜಿನ ನಡುವೆ ಬಿಳಿ ಅಂಗಿ, ಕೆಸರಿನ ಏರಿಯ ಮೇಲೆ ಹೊಸ ಬಿಳಿ ಶೂ. ಕೊಡಗಿನಲ್ಲಿ ತೆಗೆದ ಕುಟುಂಬದ ಫೋಟೋ ಕೆಟ್ಟಿದ್ದರೆ ಬಹುಪಾಲು ಈ ಮೂರರಲ್ಲಿ ಒಂದು ಇದ್ದೇ ಇರುತ್ತದೆ. ಮೂರಕ್ಕೂ ಮೂಲ ಒಂದೇ: ಬಟ್ಟೆ ಮೊದಲು ಕೊಂಡು, ಜಾಗ ಆಮೇಲೆ ಗೊತ್ತು ಮಾಡಿದ್ದು. ಈ ಕ್ರಮ ತಿರುಗಿಸಿದರೆ ಅರ್ಧ ಕೆಲಸ ಮುಗಿಯಿತು. ಫೋಟೋ ದಿನಕ್ಕೆ ಮೂರು ವಾರ ಇರುವಾಗ ಶುರು ಮಾಡಿದರೆ ಬ್ಲೌಸ್ ಹೊಲಿಸಲು, ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಸಮಯ ಸಿಗುತ್ತದೆ.

ಮೊದಲು ತಿಂಗಳು, ಜಾಗ

ಕೊಡಗಿನ ಹಸಿರು ವರ್ಷವಿಡೀ ಒಂದೇ ಅಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ. ಆಗ ಹಸಿರು ಗಾಢ, ಬೆಳಕು ಮೆತ್ತಗೆ, ಮುಖದ ಮೇಲೆ ಗಟ್ಟಿ ನೆರಳು ಬೀಳುವುದಿಲ್ಲ. ಕೆಮ್ಮಣ್ಣಿನ ಬಣ್ಣ, ಕಡು ಕೆಂಪು, ಸಾಸಿವೆ ಹಳದಿ ಈ ಕಾಲದಲ್ಲಿ ಎದ್ದು ಕಾಣುತ್ತವೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಹೊತ್ತಿಗೆ, ಅಂದರೆ ನವೆಂಬರ್ ಕೊನೆ, ಡಿಸೆಂಬರ್ ಮೊದಲಲ್ಲಿ ಗದ್ದೆಗಳು ಹೊನ್ನಿನ ಬಣ್ಣಕ್ಕೆ ತಿರುಗಿರುತ್ತವೆ. ಅಲ್ಲಿ ಸಾಸಿವೆ ಹಳದಿ ಉಟ್ಟವರು ಪೈರಿನೊಳಗೆ ಕರಗಿಹೋಗುತ್ತಾರೆ, ಕಡು ನೀಲಿ ಅಥವಾ ಮರೂನ್ ಉಟ್ಟವರು ನಿಲ್ಲುತ್ತಾರೆ. ಡಿಸೆಂಬರ್‌ನಿಂದ ಫೆಬ್ರವರಿ ಕಾಫಿ ಹಣ್ಣಿನ ಕಾಲ. ಗಿಡದ ತುಂಬ ಕೆಂಪು ಚುಕ್ಕೆಗಳಿರುವುದರಿಂದ ಸಣ್ಣ ಹೂವಿನ ಪ್ರಿಂಟ್ ಅಲ್ಲಿ ಗಜಿಬಿಜಿ ಆಗುತ್ತದೆ. ಕೊಯ್ಲಿನ ಕೆಲಸವೂ ನಡೆಯುತ್ತಿರುವುದರಿಂದ ತೋಟದವರನ್ನು ಕೇಳಿಯೇ ದಿನ ಗೊತ್ತು ಮಾಡಿ.

ಮಾರ್ಚ್, ಏಪ್ರಿಲ್‌ನ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಹೂ ಅರಳುತ್ತದೆ. ಬಿಳುಪು ಉಳಿಯುವುದು ಮೂರು ನಾಲ್ಕು ದಿನ ಮಾತ್ರ. ತುಂತುರು ನೀರಾವರಿ ಮಾಡುವ ರೋಬಸ್ಟಾ ತೋಟಗಳಲ್ಲಿ ಇನ್ನೂ ಮೊದಲೇ ಅರಳುವುದುಂಟು. ಹೂವಿನ ಫೋಟೋ ಬೇಕಿದ್ದರೆ ಬಟ್ಟೆ ಇಸ್ತ್ರಿ ಮಾಡಿಟ್ಟು ತೋಟದವರ ಕರೆಗೆ ಕಾಯಬೇಕು, ಬೇರೆ ದಾರಿ ಇಲ್ಲ. ಹೂವು ತಾಗಿದರೆ ಉದುರುತ್ತದೆ, ಉದುರಿದ್ದು ಮುಂದಿನ ವರ್ಷದ ಬೆಳೆ. ಹಾಗಾಗಿ ಗಿಡದ ಸಾಲಿನೊಳಗೆ ನುಗ್ಗದೆ ತೋಟದ ದಾರಿಯಲ್ಲೇ ನಿಲ್ಲಬೇಕು. ಘೇರ್ ದೊಡ್ಡದಿರುವ ಲಂಗ, ಗೌನ್ ಆ ದಿನ ಬೇಡ. ಹೂವಿಗೆ ಜೇನುಹುಳ ಬರುತ್ತವೆ, ಸೆಂಟ್ ಹೊಡೆದುಕೊಳ್ಳಬೇಡಿ.

ಇನ್ನು ಜಾಗ. ಮಡಿಕೇರಿಯ ರಾಜಾಸೀಟ್‌ನಲ್ಲಿ ಹೂವಿನ ಮಡಿಗಳೇ ಹತ್ತು ಬಣ್ಣದಲ್ಲಿ ಇರುತ್ತವೆ, ಅಲ್ಲಿಗೆ ಸಾದಾ ಬಟ್ಟೆಯೇ ಸರಿ. ಸಂಜೆ ಜನ ಜಾಸ್ತಿ, ಬೆಳಗ್ಗೆ ಹೋಗಿ. ಮಾಂದಲಪಟ್ಟಿಗೆ ಜೀಪಿನಲ್ಲಿ ಕುಲುಕಿಕೊಂಡು ಹೋಗಬೇಕು. ಬೇಸಿಗೆಯಲ್ಲಿ ದೂಳು, ಮಳೆಗಾಲದಲ್ಲಿ ಕೆಸರು, ಮೇಲೆ ತಲುಪಿದರೆ ಗಾಳಿ. ಜನವರಿ ಕಳೆಯುತ್ತಿದ್ದಂತೆ ಗುಡ್ಡದ ಹುಲ್ಲು ಒಣಗಿ ಕಂದು ಹಳದಿ ಆಗುತ್ತದೆ. ಹಸಿರು ಗುಡ್ಡ ಬೇಕು ಎಂದು ಮಾರ್ಚ್‌ನಲ್ಲಿ ಹೋದವರಿಗೆ ಬಟ್ಟೆಯ ಲೆಕ್ಕವೆಲ್ಲ ತಲೆಕೆಳಗು. ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆ 1790ರ ದಶಕದಲ್ಲಿ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು. ಮರದ ಕೆತ್ತನೆ, ಬಣ್ಣದ ಗೋಡೆಗಳಿರುವ ಇಂಥ ಜಾಗಕ್ಕೆ ರೇಷ್ಮೆ ಒಪ್ಪುತ್ತದೆ, ಜೀನ್ಸ್ ಒಪ್ಪುವುದಿಲ್ಲ. ದೊಡ್ಡ ಕ್ಯಾಮೆರಾಗೆ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ.

ಖಾಸಗಿ ತೋಟಕ್ಕೆ ಮಾಲೀಕರ ಒಪ್ಪಿಗೆ ಇಲ್ಲದೆ ಕಾಲಿಡಬಾರದು. ಇದು ಮರ್ಯಾದೆಯ ಮಾತಷ್ಟೇ ಅಲ್ಲ. ದಕ್ಷಿಣ ಕೊಡಗಿನ ಎಷ್ಟೋ ತೋಟಗಳಲ್ಲಿ ಮುಂಜಾನೆ, ಮುಸ್ಸಂಜೆ ಆನೆ ಇರುತ್ತವೆ. ಫೋಟೋಗೆ ಚೆಂದದ ಬೆಳಕು ಇರುವುದೂ ಅದೇ ಹೊತ್ತಿಗೆ.

ಬಣ್ಣ: ಬದಲಾಗದ ಬಟ್ಟೆಯೇ ಅಳತೆಗೋಲು

ಮನೆಯಲ್ಲಿ ಎಲ್ಲರಿಗೂ ಒಂದೇ ಬಣ್ಣದ ಅಂಗಿ ತಂದರೆ ಕೆಲಸ ಸುಲಭ, ನಿಜ. ಆದರೆ ಫೋಟೋದಲ್ಲಿ ಅದು ಶಾಲೆಯ ವಾರ್ಷಿಕೋತ್ಸವದ ಹಾಗೆ ಕಾಣುತ್ತದೆ. ಆರು ಜನ ಒಂದೇ ಬಣ್ಣದಲ್ಲಿ ಒತ್ತಿಕೊಂಡು ನಿಂತರೆ ಯಾರ ಕೈ ಎಲ್ಲಿ ಮುಗಿಯಿತು, ಯಾರ ಭುಜ ಎಲ್ಲಿ ಶುರುವಾಯಿತು ಗೊತ್ತಾಗದೆ ಎಲ್ಲರೂ ಒಂದೇ ಮುದ್ದೆ ಆಗುತ್ತಾರೆ. ಬೇಕಿರುವುದು ಒಂದಕ್ಕೊಂದು ಹೊಂದುವ ಮೂರು ಬಣ್ಣ.

ಆ ಮೂರನ್ನು ಎಲ್ಲಿಂದ ತೆಗೆಯುವುದು? ಮನೆಯಲ್ಲಿ ಬಟ್ಟೆ ಬದಲಾಯಿಸಲು ಒಪ್ಪದ ಒಬ್ಬರು ಇದ್ದೇ ಇರುತ್ತಾರೆ, ಸಾಮಾನ್ಯವಾಗಿ ಅಜ್ಜಿ. ಅವರು ಉಡುತ್ತೇನೆ ಎಂದ ಸೀರೆಯನ್ನು ಮಂಚದ ಮೇಲೆ ಹರಡಿ. ಒಡಲು, ಅಂಚು, ಸೆರಗು ನೋಡಿ. ನೇಯ್ದವರು ಬಣ್ಣ ಹೊಂದಿಸುವ ಕೆಲಸವನ್ನು ಆಗಲೇ ಮಾಡಿಟ್ಟಿದ್ದಾರೆ. ಉದಾಹರಣೆಗೆ ಹಾಲುಕೆನೆ ಬಣ್ಣದ ಒಡಲು, ಮರೂನ್ ಅಂಚು, ಜರಿಯ ಹೊಂಬಣ್ಣ. ಹಾಗಿದ್ದರೆ ಅಮ್ಮನಿಗೆ ಮರೂನ್ ಸೀರೆ ಅಥವಾ ಕುರ್ತಾ, ಅಪ್ಪನಿಗೆ ಹಾಲುಕೆನೆ ಕುರ್ತಾ, ಅಜ್ಜನಿಗೆ ಬಿಳಿ ಪಂಚೆ ಜೊತೆ ತಿಳಿ ಬಿಸ್ಕತ್ ಬಣ್ಣದ ಅಂಗಿ, ಎಂಟು ವರ್ಷದ ಮಗಳಿಗೆ ಸಾಸಿವೆ ಲಂಗಕ್ಕೆ ಹಾಲುಕೆನೆ ರವಿಕೆ, ಎರಡು ವರ್ಷದವನಿಗೆ ಮರೂನ್ ಸ್ವೆಟರ್. ಹತ್ತು ಪಾಲಿನಲ್ಲಿ ಆರು ಪಾಲು ಮುಖ್ಯ ಬಣ್ಣ, ಮೂರು ಪಾಲು ಎರಡನೆಯದು, ಒಂದು ಪಾಲು ಮೂರನೆಯದು ಎಂದು ಅಂದಾಜು ಇಟ್ಟುಕೊಂಡರೆ ಸಾಕು, ತಕ್ಕಡಿ ಹಿಡಿಯಬೇಕಿಲ್ಲ. ಎದ್ದು ಕಾಣುವ ಬಣ್ಣವನ್ನು ಚಿಕ್ಕ ಮಕ್ಕಳಿಗೆ ಕೊಡಿ, ಮೈ ಚಿಕ್ಕದಾದ್ದರಿಂದ ಅದು ಅತಿ ಅನಿಸುವುದಿಲ್ಲ.

ತೋಟದೊಳಗೆ ಹಸಿರು ಉಡಬಾರದು ಎನ್ನುವುದಕ್ಕೆ ಇನ್ನೊಂದು ಕಾರಣವಿದೆ. ಎಲೆಯ ಮೇಲೆ ಬಿದ್ದ ಬೆಳಕು ಹಸಿರಾಗಿಯೇ ತಿರುಗಿ ಬಂದು ಗಲ್ಲದ ಕೆಳಗೆ, ಕತ್ತಿಗೆ ಬಡಿಯುತ್ತದೆ. ಮುಖ ಕಳೆಗುಂದಿದಂತೆ, ಜ್ವರ ಬಂದು ಎದ್ದವರಂತೆ ಕಾಣುತ್ತದೆ. ಹಸಿರು ಅಂಗಿ ಅದನ್ನು ಇನ್ನೂ ಹೆಚ್ಚಿಸುತ್ತದೆ. ಕತ್ತಿನ ಹತ್ತಿರ ಹಾಲುಕೆನೆ ಬಣ್ಣದ ಬಟ್ಟೆ ಇದ್ದರೆ ಅದು ತನ್ನ ಮೇಲೆ ಬಿದ್ದ ಬೆಳಕನ್ನು ಬೇರೆ ಬಣ್ಣ ಹತ್ತಿಸದೆ ಮುಖಕ್ಕೆ ಎಸೆಯುತ್ತದೆ. ಕಣ್ಣು ಕುಕ್ಕುವ ಗುಲಾಬಿ, ಕಿತ್ತಳೆ ಬಣ್ಣಗಳ ತೊಂದರೆಯೂ ಇದೇ: ಎತ್ತಿಕೊಂಡವರ ಅಂಗಿಯ ಬಣ್ಣ ಮಗುವಿನ ಕೆನ್ನೆಗೆ ಬಳಿದಂತೆ ಹತ್ತುತ್ತದೆ. ಛತ್ರಿಯೂ ಹಾಗೆಯೇ. ಮಳೆಯಲ್ಲಿ ಕೆಂಪು ಛತ್ರಿ ಚೆಂದ ಎಂದು ಹಿಡಿದರೆ ಕೆಳಗಿನ ಮುಖಗಳೆಲ್ಲ ಕೆಂಪು. ಕಪ್ಪು ಅಥವಾ ಪಾರದರ್ಶಕ ಛತ್ರಿ ತನ್ನಿ.

ಬಿಳಿಯ ಬಗ್ಗೆ ಎಚ್ಚರ. ಬಿಸಿಲಿನಲ್ಲಿ ಅಚ್ಚ ಬಿಳಿ ಅಂಗಿಯ ನೆರಿಗೆ, ಗುಂಡಿ ಯಾವುದೂ ಉಳಿಯುವುದಿಲ್ಲ, ಸುಣ್ಣ ಬಳಿದ ಗೋಡೆಯಾಗುತ್ತದೆ. ನೀಲಿ ಹಾಕಿ ಒಗೆದ ಬಿಳಿ ನೆರಳಿನಲ್ಲಿ ನೀಲಿಯಾಗಿಯೇ ಕಾಣುತ್ತದೆ. ಮಂಜಿನಲ್ಲಿ ಬಿಳಿ ಉಟ್ಟವರು ಮಂಜಿನ ಪಾಲು. ಹಾಲುಕೆನೆ, ದಂತದ ಬಣ್ಣ ಈ ಮೂರು ತೊಂದರೆಯಿಂದಲೂ ಬಹುಮಟ್ಟಿಗೆ ಪಾರು. ಮೈಬಣ್ಣಕ್ಕೆ ತೀರಾ ಹತ್ತಿರದ ಬಟ್ಟೆಯನ್ನೂ ಬಿಡಿ. ಪುಟ್ಟ ಮಗುವಿಗೆ ತಿಳಿಕಂದು ಬಣ್ಣದ ಅಂಟಿದಂತಿರುವ ಬಟ್ಟೆ ಹಾಕಿದರೆ ದೂರದಿಂದ ಬತ್ತಲೆ ನಿಲ್ಲಿಸಿದ ಹಾಗೆ ಇರುತ್ತದೆ.

ಪ್ರಿಂಟ್ ಎಷ್ಟು ಜನಕ್ಕೆ? ಆರು ಜನರಲ್ಲಿ ಇಬ್ಬರಿಗೆ. ಒಂದು ದೊಡ್ಡ ಪ್ರಿಂಟ್, ಒಂದು ಸಣ್ಣದು, ಇಬ್ಬರೂ ಪಕ್ಕಪಕ್ಕ ನಿಲ್ಲಬಾರದು. ಎರಡು ಮಿಲಿಮೀಟರಿಗಿಂತ ಸಪೂರ ಗೆರೆ, ಸಣ್ಣ ಚೌಕುಳಿ ಇರುವ ಶರ್ಟ್ ಯಾರಿಗೂ ಬೇಡ. ಕ್ಯಾಮೆರಾ ಅದನ್ನು ಸರಿಯಾಗಿ ಹಿಡಿಯಲಾರದೆ ಬಟ್ಟೆಯ ಮೇಲೆ ಇಲ್ಲದ ಅಲೆಗಳನ್ನು ಮೂಡಿಸುತ್ತದೆ, ಅದನ್ನು ತಿದ್ದಿ ತೆಗೆಯುವುದು ತಲೆನೋವಿನ ಕೆಲಸ. ಎದೆಯ ಮೇಲೆ ಅಕ್ಷರ, ಕಾರ್ಟೂನ್ ಮುಖ ಇರುವ ಬಟ್ಟೆ ಬೇಡವೇ ಬೇಡ. ನೋಡುವವರ ಕಣ್ಣು ಮೊದಲು ಓದುತ್ತದೆ, ಆಮೇಲೆ ಮುಖ ನೋಡುತ್ತದೆ.

ಕೊಳ್ಳುವ ಮೊದಲು ಮೊಬೈಲ್ ಪರೀಕ್ಷೆ

1. ಎಲ್ಲರ ಬಟ್ಟೆಯನ್ನೂ ಕಿಟಕಿ ಪಕ್ಕ ನೆಲದ ಮೇಲೆ, ನಿಲ್ಲುವ ಕ್ರಮದಲ್ಲೇ ಹಾಸಿ. ಟ್ಯೂಬ್‌ಲೈಟ್ ಆರಿಸಿ. ಇನ್ನೂ ಕೊಳ್ಳದ ಬಟ್ಟೆಯ ಜಾಗದಲ್ಲಿ ಅದೇ ಬಣ್ಣದ ಟವೆಲ್, ವೇಲ್ ಏನಾದರೂ ಇಡಿ.

2. ಹಿನ್ನೆಲೆಯ ಬಣ್ಣಕ್ಕೆ ಹೊಂದುವ ಒಂದು ಬೆಡ್‌ಶೀಟ್ ಅಡಿಗೆ ಹಾಕಿ. ತೋಟವಾದರೆ ಕಡು ಹಸಿರು, ಒಣಹುಲ್ಲಿನ ಗುಡ್ಡವಾದರೆ ತಿಳಿಕಂದು, ಮಂಜಾದರೆ ಬೂದು.

3. ಮೇಲಿನಿಂದ ಒಂದು ಫೋಟೋ ತೆಗೆದು, ಅದನ್ನು ಮೊಬೈಲಿನಲ್ಲೇ ಕಪ್ಪು ಬಿಳುಪಿಗೆ ತಿರುಗಿಸಿ. ಎಲ್ಲ ಬಟ್ಟೆಯೂ ಒಂದೇ ಬೂದು ಆಗಿದ್ದರೆ ಬಣ್ಣ ಬೇರೆಯಾದರೂ ಗಾಢತೆ ಒಂದೇ ಎಂದು ಅರ್ಥ. ಒಂದೆರಡನ್ನು ಗಾಢ, ಒಂದೆರಡನ್ನು ತಿಳಿ ಮಾಡಿ. ಒಂದೇ ಬಟ್ಟೆ ಟಾರ್ಚ್ ಹಾಗೆ ಬೆಳಗುತ್ತಿದ್ದರೆ ಅದು ಬೇಡ, ಅಥವಾ ಅದನ್ನು ನಡುವೆ ನಿಲ್ಲುವವರಿಗೆ ಕೊಡಿ.

ಚಳಿಯನ್ನು ಮರೆತವರ ಜರ್ಕಿನ್

ಇಷ್ಟೆಲ್ಲ ಮಾಡಿದ ಮೇಲೂ ಕೆಡುವುದು ಎಲ್ಲಿ ಎಂದರೆ, ಡಿಸೆಂಬರ್ ಬೆಳಗ್ಗೆ ಆರೂ ಮುಕ್ಕಾಲಿಗೆ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಡಿಸೆಂಬರ್, ಜನವರಿಯ ಮುಂಜಾನೆ 12ರಿಂದ 14 ಡಿಗ್ರಿ ಮಾಮೂಲು, ಗಾಳಿ ಇದ್ದರೆ ಇನ್ನೂ ಕಡಿಮೆ ಅನಿಸುತ್ತದೆ. ಮೂರು ವಾರ ಹೊಂದಿಸಿದ ಬಣ್ಣದ ಮೇಲೆ ಒಬ್ಬೊಬ್ಬರಾಗಿ ನೀಲಿ ಜರ್ಕಿನ್, ಗುಲಾಬಿ ಸ್ವೆಟರ್, ಮಂಕಿ ಕ್ಯಾಪ್ ಏರುತ್ತವೆ. ಹಾಗಾಗಿ ಸ್ವೆಟರ್, ಶಾಲುಗಳನ್ನು ಮೊದಲೇ ಮೂರು ಬಣ್ಣದ ಲೆಕ್ಕದೊಳಗೆ ಸೇರಿಸಿ. ಫೋಟೋದಲ್ಲಿ ಅವು ಕಂಡರೂ ಚೆಂದ ಇರಬೇಕು. ಒಳಗೆ ತೆಳು ಉಲ್ಲನ್ ಬನಿಯನ್ ಹಾಕಿಕೊಂಡರೆ ಹೊರಗಿನದು ಹಗುರವಾಗಿದ್ದರೂ ನಡೆಯುತ್ತದೆ. ಅದರ ಕತ್ತು ಆಳವಾಗಿರಲಿ, ಕುರ್ತಾದ ಮೇಲಿನ ಗುಂಡಿಯಲ್ಲಿ ಇಣುಕಬಾರದು. ಮಗುವಿಗೆ ಮುಂದೆ ಗುಂಡಿ ಇರುವ ಸ್ವೆಟರೇ ಬೇಕು. ತಲೆಯಿಂದ ಇಳಿಸುವುದಾದರೆ ಬಾಚಿದ ಕೂದಲು ಕೆದರುತ್ತದೆ, ಅಳುವೂ ಶುರುವಾಗುತ್ತದೆ.

ಕುಶಾಲನಗರದ ಕಡೆ ತಗ್ಗು, ಬಿಸಿಲು ಜಾಸ್ತಿ. ಕಾವೇರಿ ನಿಸರ್ಗಧಾಮ, ದುಬಾರೆ ಕಡೆ ಏಪ್ರಿಲ್‌ನಲ್ಲಿ ಫೋಟೋ ಇದ್ದರೆ ಬೆವರಿನ ಯೋಚನೆ ಮಾಡಬೇಕು. ಬೂದು, ತಿಳಿನೀಲಿ ಹತ್ತಿ ಬಟ್ಟೆಯಲ್ಲಿ ಕಂಕುಳ ಬೆವರು ಕನ್ನಡಿಯಂತೆ ಕಾಣುತ್ತದೆ. ಕಡು ನೀಲಿ, ಹಾಲುಕೆನೆ, ಪ್ರಿಂಟ್ ಇರುವವು ಮುಚ್ಚಿಕೊಳ್ಳುತ್ತವೆ. ಪಾಲಿಯೆಸ್ಟರ್ ಹೆಚ್ಚಿರುವ ಬಟ್ಟೆ ನೋಡಲು ಸುಕ್ಕಿಲ್ಲದಿದ್ದರೂ ಒಳಗೆ ಬೇಯಿಸುತ್ತದೆ. ಅಪ್ಪಟ ಲಿನನ್ ತಂಪು, ಆದರೆ ಕಾರಿನಲ್ಲಿ ಅರ್ಧ ಗಂಟೆ ಕುಳಿತರೆ ಮುದುಡಿದ ಕಾಗದ. ಹತ್ತಿಯಲ್ಲಿ ಸ್ವಲ್ಪ ದಪ್ಪ ನೇಯ್ಗೆ ಒಳ್ಳೆಯದು.

ಒಬ್ಬೊಬ್ಬರಿಗೆ

ಅಜ್ಜಿ, ಅಮ್ಮಂದಿರ ಸೀರೆ: ಗಾಳಿ ಇರುವ ಗುಡ್ಡಕ್ಕೆ ಜಾರ್ಜೆಟ್, ಶಿಫಾನ್ ತಂದರೆ ಸೆರಗು ಪಕ್ಕದವರ ಮುಖ ಮುಚ್ಚುತ್ತದೆ. ಮೈಸೂರು ಕ್ರೇಪ್ ರೇಷ್ಮೆ ಜಾರುತ್ತದೆ, ಭುಜಕ್ಕೆ ಎರಡು ಪಿನ್ ಸಾಲದು, ನಾಲ್ಕು ಹಾಕಿ. ಹತ್ತಿ ಮತ್ತು ಭಾರದ ರೇಷ್ಮೆ ನಿಂತಲ್ಲಿ ನಿಲ್ಲುತ್ತವೆ. ಸೆರಗನ್ನು ಮಡಿಕೆ ಮಾಡಿ ಪಿನ್ ಹಾಕಿ, ತುದಿಯನ್ನು ಹಿಂದಿನಿಂದ ತಂದು ಸೊಂಟಕ್ಕೆ ಸಿಕ್ಕಿಸಿದರೆ ಇಳಿಜಾರಿನಲ್ಲಿ ನಡೆಯುವುದೂ ಸುಲಭ. ಒಬ್ಬರಿಗೆ ಎಂಟು ಹತ್ತು ಪಿನ್ ಲೆಕ್ಕದಲ್ಲಿ ತನ್ನಿ. ಕೊಡವ ಶೈಲಿಯಲ್ಲಿ ಉಡುವವರಿಗೆ ಈ ತಾಪತ್ರಯ ಕಡಿಮೆ. ನೆರಿಗೆ ಹಿಂದೆ ಇರುವುದರಿಂದ ಮುಂದೆ ಹೆಜ್ಜೆಗೆ ಅಡ್ಡ ಬರುವುದಿಲ್ಲ, ಸೆರಗು ಬಲ ಭುಜಕ್ಕೆ ಬಿಗಿಯಾಗಿ ಕೂತಿರುತ್ತದೆ. ಬೆಟ್ಟದ ಮೇಲೆ ನಡೆಯುವವರ ಉಡಿಗೆ ಎನ್ನುವುದು ಗಾಳಿಯಲ್ಲಿ ನಿಂತಾಗ ಗೊತ್ತಾಗುತ್ತದೆ.

ಅಜ್ಜ, ಅಪ್ಪಂದಿರು: ಬಿಸಿಲಿಗೆ ಕಪ್ಪಾಗುವ ಕನ್ನಡಕ ಹಾಕುವವರಿದ್ದರೆ ಮನೆಯಲ್ಲಿರುವ ಹಳೆಯ ಸಾದಾ ಕನ್ನಡಕ ಜೇಬಿನಲ್ಲಿರಲಿ. ಹೊರಗೆ ಬಂದ ಕೂಡಲೇ ಗಾಜು ಕಪ್ಪಾಗಿ ಕಣ್ಣೇ ಕಾಣದಂತಾಗುತ್ತದೆ, ಇದು ಎಷ್ಟೋ ಮನೆಗಳ ಫೋಟೋದಲ್ಲಿ ಆಗಿರುವ ನಷ್ಟ. ಪಂಚೆಗೆ ಸೊಂಟಪಟ್ಟಿ ಕಡ್ಡಾಯ. ಜೇಬಿನ ಮೊಬೈಲ್, ಪರ್ಸ್, ಕೀಲಿ ತೆಗೆಸಿ. ಉಬ್ಬಿದ ತೊಡೆ ಫೋಟೋದಲ್ಲಿ ಇಮ್ಮಡಿ ಉಬ್ಬುತ್ತದೆ. ಮೊಣಕಾಲು ನೋವಿರುವವರಿಗೆ ಮನೆಯ ಮರದ ಕುರ್ಚಿ ಒಯ್ಯಿರಿ, ಕೆಂಪು ಪ್ಲಾಸ್ಟಿಕ್ ಕುರ್ಚಿ ಬೇಡ.

ಮಕ್ಕಳು ಬೇಗ ಬೆಳೆಯುತ್ತಾರೆ, ಅವರ ಬಟ್ಟೆ ಎರಡು ತಿಂಗಳ ಮೊದಲು ಕೊಂಡಿಡಬೇಡಿ, ವಾರದ ಮೊದಲು ಸಾಕು. ಕತ್ತಿನ ಹಿಂದಿನ ಲೇಬಲ್ ಕತ್ತರಿಸಿ. ಸೊಂಟಕ್ಕೆ ಎಲಾಸ್ಟಿಕ್ ಇರಲಿ. ಫ್ರಾಕ್, ಲಂಗದ ಅಡಿಗೆ ಚಡ್ಡಿ ಇರಲಿ, ಯಾಕೆಂದರೆ ಎತ್ತಿಕೊಳ್ಳುತ್ತೀರಿ, ತಿರುಗಿಸುತ್ತೀರಿ. ಬಿಳಿ ಪ್ಯಾಂಟಿನಲ್ಲಿ ಡೈಪರ್ ಕಾಣುತ್ತದೆ. ಹೊಸ ಬಟ್ಟೆಯನ್ನು ಒಮ್ಮೆ ಒಗೆದು, ಹೊಸ ಶೂವನ್ನು ನಾಲ್ಕು ದಿನ ಮನೆಯೊಳಗೆ ಹಾಕಿ ಓಡಾಡಿಸಿ ಆಮೇಲೆ ತನ್ನಿ. ಐದು ವರ್ಷದೊಳಗಿನವರಿಗೆ ಅದೇ ಬಣ್ಣದ ಎರಡನೇ ಜೊತೆ ಬೇಕೇ ಬೇಕು.

ದೊಡ್ಡವರೂ ಮನೆಯಲ್ಲಿ ಒಮ್ಮೆ ಪೂರ್ತಿ ಉಟ್ಟು ನೋಡಬೇಕು. ನೆಲದ ಮೇಲೆ ಕೂತು ಏಳಿ, ಮಗುವನ್ನು ಎತ್ತಿ, ಕೈ ಮೇಲೆತ್ತಿ. ಬ್ಲೌಸಿನ ಕಂಕುಳು ಎಳೆಯುತ್ತಿದೆಯೇ, ಅಂಗಿ ಪ್ಯಾಂಟಿನಿಂದ ಹೊರಬರುತ್ತಿದೆಯೇ ಆಗ ಗೊತ್ತಾಗುತ್ತದೆ.

ಕಾಲಿಗೆ ಏನು

ಗದ್ದೆಯ ಏರಿಯಲ್ಲಿ ಹೀಲ್ಸ್ ಹೂತುಹೋಗುತ್ತದೆ, ಜಲಪಾತದ ಬಳಿಯ ಪಾಚಿ ಕಲ್ಲಿನ ಮೇಲೆ ಚಪ್ಪಟೆ ಅಟ್ಟೆಯ ಚಪ್ಪಲಿ ಜಾರುತ್ತದೆ. ಕಂದು ಬಣ್ಣದ ಹಿಡಿತವಿರುವ ಶೂ ಅಥವಾ ಬೆಲ್ಟ್ ಚಪ್ಪಲಿ ಎಲ್ಲ ಬಟ್ಟೆಗೂ ಹೊಂದುತ್ತದೆ, ಮಣ್ಣೂ ಕಾಣುವುದಿಲ್ಲ. ನಡೆಯಲು ಒಂದು ಜೊತೆ, ಫೋಟೋಗೆ ಒಂದು ಜೊತೆ ಇದ್ದರೆ ಇನ್ನೂ ಒಳ್ಳೆಯದು. ಮಳೆಗಾಲದಲ್ಲಿ ಮಕ್ಕಳಿಗೆ ಗಂಬೂಟ್ ಹಾಕಿಸಿ ಕೆಸರಿಗೆ ಬಿಡಿ, ಸಾಲಾಗಿ ನಿಲ್ಲಿಸಿ ತೆಗೆದ ಹತ್ತು ಫೋಟೋಗಿಂತ ಅದು ಚೆನ್ನಾಗಿ ಬರುತ್ತದೆ.

ಮಳೆಗಾಲ ಎಂದರೆ ಜಿಗಣೆ. ಉದ್ದ ಕಾಲುಚೀಲ ಹಾಕಿ ಪ್ಯಾಂಟನ್ನು ಅದರೊಳಗೆ ಸೇರಿಸಿ ನಡೆಯಿರಿ, ಫೋಟೋ ಹೊತ್ತಿಗೆ ಹೊರಗೆ ತೆಗೆದರಾಯಿತು. ಉಪ್ಪಿನ ಚಿಕ್ಕ ಪೊಟ್ಟಣ ಇರಲಿ. ಜಿಗಣೆ ಬಿಟ್ಟ ಮೇಲೂ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ತಿಳಿಬಣ್ಣದ ಪ್ಯಾಂಟಿಗೆ ಕಲೆ ಹರಡುತ್ತದೆ. ಗಾಯವನ್ನು ಹತ್ತಿಯಿಂದ ಒತ್ತಿ ಹಿಡಿದು, ಬಟ್ಟೆಯ ಕಲೆಯನ್ನು ಕೂಡಲೇ ತಣ್ಣೀರಿನಲ್ಲಿ ತೊಳೆಯಿರಿ. ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ.

ಕುಪ್ಯ ಚೇಲೆ ಉಡುವುದಾದರೆ

ತಮ್ಮದೇ ಸಾಂಪ್ರದಾಯಿಕ ಉಡುಪಿನಲ್ಲಿ ಐನ್‌ಮನೆಯ, ಅಂದರೆ ಮನೆತನದ ಹಿರಿಯರ ಮೂಲಮನೆಯ ಮುಂದೆ ಫೋಟೋ ತೆಗೆಸುವ ಕೊಡವ ಕುಟುಂಬಗಳಿಗೆ ಬಣ್ಣದ ಚಿಂತೆ ಅರ್ಧ ಇಲ್ಲ. ಗಂಡಸರ ಕಪ್ಪು ಕುಪ್ಯಕ್ಕೆ (ಉದ್ದ ನಿಲುವಂಗಿ) ಕೆಂಪು ಚೇಲೆ (ಸೊಂಟಕ್ಕೆ ಸುತ್ತುವ ರೇಷ್ಮೆ ಪಟ್ಟಿ), ಚಿನ್ನ ಬೆಳ್ಳಿಯ ಕುಸುರಿಯ ಪೀಚೆಕತ್ತಿ ಎಂಬ ಬಾಕು ಇದ್ದೇ ಇದೆ. ತೊಂದರೆ ಬರುವುದು ನಿಲ್ಲುವ ಜಾಗದಲ್ಲಿ. ದಟ್ಟ ನೆರಳಿನ ಮರಗಳ ಮುಂದೆ ನಾಲ್ಕು ಕಪ್ಪು ಕುಪ್ಯ ನಿಂತರೆ ಮುಖ, ಕೈ ಮಾತ್ರ ತೇಲಿದಂತೆ ಕಾಣುತ್ತದೆ. ತೆರೆದ ಗದ್ದೆ, ಸುಣ್ಣದ ಗೋಡೆ, ಬೆಳಕು ಬಿದ್ದ ಅಂಗಳ ಹಿಂದೆ ಇರಲಿ. ಹೆಂಗಸರು ಗಾಢ ಬಣ್ಣದ ರೇಷ್ಮೆಯನ್ನೇ ಉಟ್ಟು, ಇಬ್ಬರು ಕುಪ್ಯದವರ ನಡುವೆ ಒಬ್ಬರಂತೆ ನಿಂತರೆ ಸರಿ ಹೊಂದುತ್ತದೆ. ಪತ್ತಾಕ್, ಜೋಮಾಲೆ, ಕೊಕ್ಕೆತಾತಿಯಂಥ ಕತ್ತಿನ ಒಡವೆಗಳು ಕಾಣಬೇಕಾದ್ದರಿಂದ ಸೀರೆಯ ಒಡಲು ಸಾದಾ ಇರಲಿ. ಬಿಳಿ ಕುಪ್ಯ ಮದುಮಗನದು, ಕುಟುಂಬದ ಫೋಟೋಗೆಂದು ಎಲ್ಲರಿಗೂ ಅದನ್ನು ತೊಡಿಸುವುದು ಆಭಾಸ.

ಹೊರಗಿನಿಂದ ಬಂದವರು ಬಾಡಿಗೆ ಕುಪ್ಯ ತೊಟ್ಟು ಕತ್ತಿ ಎತ್ತಿ ನಗುವ ಫೋಟೋಗಳನ್ನು ಇಲ್ಲಿನ ಹಲವರು ಇಷ್ಟಪಡುವುದಿಲ್ಲ, ಅದಕ್ಕೆ ಕಾರಣವೂ ಇದೆ. ಕಾವೇರಿ ಸಂಕ್ರಮಣ, ಆಯುಧ ಪೂಜಿಸುವ ಕೈಲ್‌ಪೊಳ್ದ್ ಹಬ್ಬ, ಮದುವೆ, ಸಾವು ಎಲ್ಲಕ್ಕೂ ಕಟ್ಟಳೆ ಇರುವ ಉಡುಪು ಅದು. ಆತಿಥೇಯ ಕುಟುಂಬದವರೇ ಕರೆದು ಉಡಿಸಿದರೆ ಸಂತೋಷ, ಇಲ್ಲದಿದ್ದರೆ ನಿಮ್ಮ ಇಳಕಲ್ ಸೀರೆಯೇ ಕೊಡಗಿನ ಹಸಿರಿಗೆ ಬಹಳ ಚೆನ್ನಾಗಿ ಒಪ್ಪುತ್ತದೆ. ದೇವರಕಾಡು ಮತ್ತು ತಲಕಾವೇರಿಯಂಥ ಕ್ಷೇತ್ರಗಳನ್ನು ಫೋಟೋ ಹಿನ್ನೆಲೆಯ ಪಟ್ಟಿಯಿಂದಲೇ ಬಿಡುವುದು ಒಳ್ಳೆಯದು.

ಹಿಂದಿನ ವಾರ, ಆ ದಿನ

ಕೊಡಗಿನ ಮನೆಯವರಿಗೆ ಇದು ಹೇಳಬೇಕಿಲ್ಲ: ಮಳೆಗಾಲ ಕಳೆದು ಬೀರು ತೆರೆದರೆ ರೇಷ್ಮೆಯ ಮೇಲೆ ಬೂಷ್ಟು. ವಾರದ ಮೊದಲೇ ಹೊರತೆಗೆದು, ನೆರಳಿನಲ್ಲಿ ಗಾಳಿಗೆ ಹರಡಿ, ಒಣ ಬ್ರಷ್‌ನಿಂದ ಮೆಲ್ಲಗೆ ತೆಗೆಯಿರಿ. ಕಂದು ಚುಕ್ಕೆ ಕೂತಿದ್ದರೆ ಡ್ರೈಕ್ಲೀನಿಂಗ್‌ಗೆ ಕೊಡಲು ಆಗ ಸಮಯವಿರುತ್ತದೆ. ಮಳೆಗಾಲದಲ್ಲಿ ಒಗೆದ ಹತ್ತಿ ಬಟ್ಟೆ ಮೂರು ದಿನವಾದರೂ ಹಸಿ, ಹಿಂದಿನ ದಿನ ಒಗೆಯುವ ಸಾಹಸ ಬೇಡ.

ಮೈಸೂರು ಕಡೆಯಿಂದ ಬಂದರೆ ಕುಶಾಲನಗರ ದಾಟಿದ ಮೇಲೆ, ಮಂಗಳೂರು ಕಡೆಯಿಂದ ಬಂದರೆ ಸಂಪಾಜೆ ಘಾಟಿಯಲ್ಲಿ ತಿರುವುಗಳು. ಮಕ್ಕಳಿಗೆ ವಾಂತಿ ಆಗುವುದು ಅಲ್ಲೇ. ಹೊರಡುವ ಮುಂಚೆ ಹೊಟ್ಟೆ ತುಂಬ ಹಾಲು ಕುಡಿಸಬೇಡಿ, ಫೋಟೋ ಬಟ್ಟೆ ತೊಡಿಸಿ ಕಾರು ಹತ್ತಿಸಬೇಡಿ. ಇಸ್ತ್ರಿ ಮಾಡಿದ್ದನ್ನು ಹ್ಯಾಂಗರ್‌ನಲ್ಲಿ ಹಾಕಿ ಹಳೆ ಬೆಡ್‌ಶೀಟ್ ಸುತ್ತಿ ಹಿಂದಿನ ಸೀಟಿನ ಮೇಲೆ ತೂಗುಹಾಕಿ. ಮಾಂದಲಪಟ್ಟಿಯಂಥ ಕಡೆ ಬಟ್ಟೆ ಬದಲಿಸಲು ಕೋಣೆ ಸಿಗುತ್ತದೆ ಎಂದು ನಂಬಿ ಹೋಗಬೇಡಿ. ಜೀಪ್ ಹತ್ತುವ ಮೊದಲೇ ಉಟ್ಟು, ಮೇಲೆ ಹಳೆಯ ಅಂಗಿ ಅಥವಾ ಬೆಡ್‌ಶೀಟ್ ಹೊದ್ದು ದೂಳಿನಿಂದ ಕಾಪಾಡಿಕೊಳ್ಳಿ.

ಚೀಲದಲ್ಲಿ: ಪಿನ್, ಸೂಜಿ ದಾರ, ಬಾಚಣಿಗೆ, ಎರಡು ಟವೆಲ್, ಒದ್ದೆ ಬಟ್ಟೆ ತುಂಬಲು ಕವರ್, ಮಗುವಿನ ಎರಡನೇ ಜೊತೆ, ಉಪ್ಪು, ಬಟ್ಟೆಯ ಕೂದಲು ದೂಳು ತೆಗೆಯಲು ಅಗಲದ ಅಂಟುಟೇಪ್.

ಜಾಗಕ್ಕೆ ತಲುಪಿದ ಮೇಲೆ ದೊಡ್ಡವರು ಮೊದಲು ತಯಾರಾಗಿ, ತೀರಾ ಚಿಕ್ಕವರಿಗೆ ಕೊನೆಗೆ ಬಟ್ಟೆ ಹಾಕಿ. ಎಲ್ಲರೂ ಇರುವ ಫೋಟೋವನ್ನು ಮೊದಲ ಹದಿನೈದು ನಿಮಿಷದಲ್ಲೇ ತೆಗೆಸಿಬಿಡಿ, ಬಟ್ಟೆ ಗರಿಗರಿ ಇರುವುದು, ಮಕ್ಕಳು ಮಾತು ಕೇಳುವುದು ಅಷ್ಟೇ ಹೊತ್ತು. ಸಿಲ್ವರ್ ಓಕ್ ಮರಗಳ ಸಂದಿಯಿಂದ ಚುಕ್ಕೆ ಚುಕ್ಕೆ ಬಿಸಿಲು ಬೀಳುತ್ತಿದ್ದರೆ ಮೂರು ಹೆಜ್ಜೆ ಸರಿದು ಪೂರ್ತಿ ನೆರಳಿಗೆ ಬನ್ನಿ. ಎಷ್ಟೇ ಒಳ್ಳೆಯ ಬಟ್ಟೆಯಾದರೂ ಚಿರತೆಯ ಮೈಯಂತೆ ಆದ ಮೇಲೆ ಬಣ್ಣ ತಿಳಿಯುವುದಿಲ್ಲ. ತೋಟದ ಮನೆಯವರು ಬಂದ ಕೂಡಲೇ ಕಾಫಿ ಕೊಡುತ್ತಾರೆ, ಬೇಡ ಎಂದರೆ ಕೇಳುವುದಿಲ್ಲ. ಆ ಲೋಟಗಳು ಬರುವುದು ಗ್ರೂಪ್ ಫೋಟೋ ಮುಗಿದ ಮೇಲೆ ಎಂದು ಅಡುಗೆಮನೆಗೆ ಮುಂಚೆಯೇ ಹೇಳಿಡಿ.